ಎಸ್‌ಸಿಸಿಎ ಸೋಲೋ ವಿಮರ್ಶೆ: ಹೊಸಬರು ಕಟ್ಟುವ ದುಡ್ಡಿಗೆ ಸಿಗುವುದೇನು?

ಅಮೆರಿಕದಲ್ಲಿ ಸ್ವಂತ ಕಾರನ್ನು ಪೊಲೀಸರ ಭಯವಿಲ್ಲದೆ ಅದರ ತಾಕತ್ತಿನ ಕೊನೆಯವರೆಗೂ ಓಡಿಸಿ ನೋಡಬೇಕೆಂದರೆ ಆಟೋಕ್ರಾಸ್‌ನಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಬೆಂಗಳೂರು ಕಡೆಯವರಿಗೆ ಈ ಹೆಸರು ಕೇಳಿದರೆ ಧೂಳೆಬ್ಬಿಸುವ ಮಣ್ಣಿನ ಟ್ರ್ಯಾಕು ಕಣ್ಣಮುಂದೆ ಬರಬಹುದು. ಅಮೆರಿಕದಲ್ಲಿ ಹಾಗಲ್ಲ. ಖಾಲಿ ಪಾರ್ಕಿಂಗ್ ಲಾಟ್ ಅಥವಾ ಬಳಕೆಯಲ್ಲಿಲ್ಲದ ರನ್‌ವೇ, ಅದರ ಮೇಲೆ ಕಿತ್ತಳೆ ಕೋನ್‌ಗಳಿಂದ ಹಾಕಿದ ದಾರಿ, ಪಕ್ಕದಲ್ಲಿ ಪೈಪೋಟಿಗೆ ಬೇರೆ ಕಾರಿಲ್ಲ, ಗಡಿಯಾರವೊಂದೇ ಎದುರಾಳಿ. ಬಹುತೇಕ ಇಡೀ ಕೋರ್ಸು ಎರಡನೇ ಗೇರಿನಲ್ಲೇ ಮುಗಿಯುತ್ತದೆ. ವೇಗ ಹೈವೇಯಲ್ಲಿ ದಿನಾ ಹೋಗುವುದಕ್ಕಿಂತ ಹೆಚ್ಚೇನೂ ಇರುವುದಿಲ್ಲ, ಆದರೆ ಕೈಗೂ ಕಣ್ಣಿಗೂ ಬಿಡುವು ಇರುವುದಿಲ್ಲ.

ಇದನ್ನು ನಡೆಸುವವರಲ್ಲಿ ದೊಡ್ಡ ಸಂಸ್ಥೆ 1944ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ. ಅದರ ಆಟೋಕ್ರಾಸ್ ವಿಭಾಗದ ಹೆಸರು ಸೋಲೋ. 1973ರಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತಿದೆ. 2009ರಿಂದ ಅದರ ಜಾಗ ನೆಬ್ರಾಸ್ಕಾದ ಲಿಂಕನ್. ಅಲ್ಲಿಗೆ ಸಾವಿರಕ್ಕೂ ಹೆಚ್ಚು ಚಾಲಕರು ಬರುತ್ತಾರೆ. ನಾವು ಇಲ್ಲಿ ನೋಡುತ್ತಿರುವುದು ಅದನ್ನಲ್ಲ, ನಿಮ್ಮೂರಿನ ಹತ್ತಿರ ಭಾನುವಾರ ನಡೆಯುವ ರೀಜನ್ (ಕ್ಲಬ್ಬಿನ ಸ್ಥಳೀಯ ಶಾಖೆ) ಮಟ್ಟದ ಈವೆಂಟನ್ನು, ಅದೂ ಮೊದಲ ಸೀಸನ್‌ನವರ ಕಣ್ಣಿನಿಂದ.

ಮೊದಲು ಕಹಿ ಲೆಕ್ಕ. ಪ್ರವೇಶ ಶುಲ್ಕ ರೀಜನ್‌ನಿಂದ ರೀಜನ್‌ಗೆ ಬದಲಾಗುತ್ತದೆ, ಸಾಮಾನ್ಯವಾಗಿ 40ರಿಂದ 80 ಡಾಲರ್ ಒಳಗೆ. ಸದಸ್ಯರಲ್ಲದವರು ಮೇಲೆ ವೀಕೆಂಡ್ ಮೆಂಬರ್‌ಶಿಪ್ ಸೇರಿಸಿ ಕೊಡಬೇಕು. ಇಷ್ಟು ಕೊಟ್ಟರೆ ಸಿಗುವುದು ಮೂರರಿಂದ ಆರು ರನ್. ಐದು ರನ್, ರನ್ನಿಗೆ 50 ಸೆಕೆಂಡ್ ಎಂದು ಹಿಡಿದರೆ ಒಟ್ಟು ಓಡಿಸುವುದು 4 ನಿಮಿಷ 10 ಸೆಕೆಂಡ್. ಬೆಳಗ್ಗೆ ಏಳಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಹೊರಡುವ ದಿನಕ್ಕೆ ಇಷ್ಟೇ. ಸ್ಟಿಯರಿಂಗ್ ಹಿಂದೆ ಕೂತ ನಿಮಿಷಗಳನ್ನಷ್ಟೇ ಎಣಿಸುವವರಿಗೆ ಇದು ದುಬಾರಿ ಬಾಬತ್ತು, ಅಂಥವರು ಗೋ-ಕಾರ್ಟಿಂಗ್‌ಗೆ ಹೋಗುವುದೇ ಒಳ್ಳೆಯದು. ಸೋಲೋದಲ್ಲಿ ಕಲಿಕೆ ಇರುವುದು ಆ ನಾಲ್ಕು ನಿಮಿಷದ ಆಚೀಚೆ: ಕೋರ್ಸ್ ನಡೆಯುವುದರಲ್ಲಿ, ಬೇರೆಯವರ ಕಾರಿನಲ್ಲಿ ಕೂರುವುದರಲ್ಲಿ, ಕೋನ್ ಎತ್ತುತ್ತಾ ನೋಡುವುದರಲ್ಲಿ. ಅದನ್ನು ಬಿಟ್ಟವರ ಅರ್ಧ ದುಡ್ಡು ನೀರಿಗೆ ಹೋಯಿತು.

ಹೆಸರು ನೋಂದಾಯಿಸುವ ಮೊದಲು ಮೂರು ವಿಷಯ ಖಚಿತಪಡಿಸಿಕೊಳ್ಳಿ. ಒಂದು, ಗಾಡಿ. ಮನೆಯಲ್ಲಿರುವ ಸಿಯೆನಾ, ಒಡಿಸ್ಸಿಯಂಥ ಮಿನಿವ್ಯಾನ್‌ಗಳನ್ನೂ ಎತ್ತರದ ಎಸ್‌ಯುವಿಗಳನ್ನೂ ಬಹುತೇಕ ಒಳಗೆ ಬಿಡುವುದಿಲ್ಲ. ಎತ್ತರಕ್ಕೆ ಹೋಲಿಸಿದರೆ ಚಕ್ರಗಳ ನಡುವಿನ ಅಗಲ ಸಾಲದ ಗಾಡಿ ಒಳ್ಳೆಯ ಹಿಡಿತವಿರುವ ನೆಲದಲ್ಲಿ ಥಟ್ಟನೆ ಎಡಕ್ಕೆ ಬಲಕ್ಕೆ ಹೊರಳಿದರೆ ಮಗುಚಬಹುದು. ಸಿವಿಕ್, ಕರೊಲಾ, ಮಜ್ದಾ 3, ಟೆಸ್ಲಾ ಮಾಡೆಲ್ 3 ಎಲ್ಲಕ್ಕೂ ಜಾಗವಿದೆ. ಮಾಡೆಲ್ 3 ಹತ್ತಿರ ಹತ್ತಿರ 4,000 ಪೌಂಡ್ ತೂಗುವುದರಿಂದ ಮುಂದಿನ ಟೈರಿನ ಅಂಚು ಬೇಗ ತಿನ್ನುತ್ತದೆ, ಅಷ್ಟೇ. ಕಲಿಯಲೆಂದೇ ಎರಡನೇ ಕಾರು ಕೊಳ್ಳುವವರಿಗೆ ಮಜ್ದಾದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಹಳೆಯ ಮಿಯಾಟಾಗಿಂತ ಒಳ್ಳೆಯ ಉತ್ತರ ಇಂದಿಗೂ ಸಿಕ್ಕಿಲ್ಲ: ಹಗುರ, ಹಿಂಚಕ್ರ ಚಾಲನೆ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ.

ಎರಡು, ಹೆಲ್ಮೆಟ್. ಬರೀ ಅಮೆರಿಕದ ಸಾರಿಗೆ ಇಲಾಖೆಯ ಡಾಟ್ ಗುರುತಿದ್ದರೆ ನಡೆಯುವುದಿಲ್ಲ, ಊರಿನಿಂದ ತಂದ ಐಎಸ್‌ಐ ಹೆಲ್ಮೆಟ್ಟೂ ನಡೆಯುವುದಿಲ್ಲ. ಒಳಗಿನ ಬಟ್ಟೆ ಸರಿಸಿದರೆ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಂ (ಮೋಟರ್‌ಸೈಕಲ್) ಅಥವಾ ಎಸ್‌ಎ (ಕಾರ್ ರೇಸಿಂಗ್) ಸ್ಟಿಕ್ಕರ್, ಇಲ್ಲವೇ ನಿಯಮ ಒಪ್ಪುವ ಬೇರೆ ಮಾನದಂಡದ ಗುರುತು ಇರಬೇಕು, ಅದರ ವರ್ಷವೂ ಆ ಸಾಲಿನ ನಿಯಮಕ್ಕೆ ಹೊಂದಬೇಕು. ಹೆಚ್ಚಿನ ರೀಜನ್‌ಗಳು ಎರವಲು ಹೆಲ್ಮೆಟ್ ಇಟ್ಟಿರುತ್ತವೆ, ಆದ್ದರಿಂದ ಮೊದಲ ಈವೆಂಟಿಗೆ ಕೊಳ್ಳುವ ಅಗತ್ಯವಿಲ್ಲ. ತಲೆಗೆ ಹಾಕಿಕೊಳ್ಳುವ ಒಂದು ತೆಳು ಬಟ್ಟೆ ಒಯ್ದರೆ ಸಾಕು.

ಮೂರು, ವಿಮೆ. ಈವೆಂಟಿಗೆ ಕ್ಲಬ್ಬಿನ ವಿಮೆ ಇರುತ್ತದೆ, ಆದರೆ ಅದು ನಿಮ್ಮ ಕಾರಿಗೆ ಆದ ಪೆಟ್ಟನ್ನು ತುಂಬಿಕೊಡುವುದಿಲ್ಲ. ಮನೆಯ ಕಾರ್ ಪಾಲಿಸಿಯಲ್ಲೂ ಸಮಯ ಅಳೆಯುವ ಸ್ಪರ್ಧೆಗಳನ್ನು ಹೊರಗಿಟ್ಟಿರುವುದೇ ಹೆಚ್ಚು. ಬಾಡಿಗೆ ಕಾರು ತರುವ ಯೋಚನೆಯನ್ನು ಅಲ್ಲಿಗೇ ಬಿಡಿ, ಕರಾರು ಮುರಿದಂತಾಗುತ್ತದೆ.

ಬೆಳಗಿನ ಟೆಕ್ ಇನ್ಸ್‌ಪೆಕ್ಷನ್ ಹತ್ತು ನಿಮಿಷದ ಕೆಲಸ, ಅಲ್ಲಿ ಸಿಕ್ಕಿಬೀಳುವುದು ಸಣ್ಣ ಪುಟ್ಟದಕ್ಕೇ. ಚಕ್ರದ ನಟ್ಟು ಬಿಗಿ ಇರಬೇಕು, ಬ್ಯಾಟರಿಯನ್ನು ಅಲ್ಲಾಡಿಸಿದರೆ ಕದಲಬಾರದು, ಎಣ್ಣೆ ಸೋರಬಾರದು, ಬ್ರೇಕ್ ಪೆಡಲ್ ಮೆತ್ತಗಿರಬಾರದು, ಟೈರಿನ ದಾರ ಕಾಣಬಾರದು. ಕಾರಿನೊಳಗೆ ಬಿಡಿ ವಸ್ತು ಒಂದೂ ಉಳಿಯುವಂತಿಲ್ಲ: ಚಾಲಕನ ಕಾಲಡಿಯ ಮ್ಯಾಟ್, ನೀರಿನ ಬಾಟಲಿ, ಡಿಕ್ಕಿಯಲ್ಲಿ ಮಕ್ಕಳ ಸ್ಟ್ರೋಲರ್, ಎಲ್ಲ ಹೊರಗೆ. ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಒಮ್ಮೆ ಎಳೆದು ನೋಡಿ. ಬೇಸಿಗೆಯ ಬಿಸಿಲಿಗೆ ಎರಡು ಬದಿಯ ಟೇಪು ಸಡಿಲಾಗಿರುತ್ತದೆ, ಮೊದಲ ಜೋರು ತಿರುವಿಗೇ ಅವನು ಪೆಡಲಿನ ಕೆಳಗೆ ಬಂದು ಕೂರುತ್ತಾನೆ. ಸಾಮಾನು ತೆಗೆದಿಡಲು ಒಂದು ಮುಚ್ಚಳದ ಡಬ್ಬ, ಮಳೆ ಬಂದರೆ ಹೊದಿಸಲು ಟಾರ್ಪಾಲು ಬೇಕು. ಕಾರಿನ ನಂಬರ್ ಬರೆಯಲು ನೀಲಿ ಪೇಂಟರ್ಸ್ ಟೇಪ್ ಸಾಕು, ಬಣ್ಣ ಕಿತ್ತು ಬರುವುದಿಲ್ಲ. ಅನೇಕ ಕಡೆ ತಿನ್ನಲು ಏನೂ ಸಿಗುವುದಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋದವರು ಜಾಣರು.

ಇನ್ನು ಕೋರ್ಸ್ ವಾಕ್. ಶುಲ್ಕದಲ್ಲಿ ಸಿಗುವ ಅತ್ಯಂತ ಬೆಲೆಬಾಳುವ ಭಾಗ ಇದೇ. ಹೊಸಬರು ಹಾಳುಮಾಡಿಕೊಳ್ಳುವುದೂ ಇದನ್ನೇ. ಗೆಳೆಯರ ಜೊತೆ ಮಾತಾಡುತ್ತಾ ಒಂದು ಸುತ್ತು ಹೋಗಿ ಬಂದರೆ ಅದು ಬೆಳಗಿನ ವಾಕಿಂಗ್ ಅಷ್ಟೇ. ಕನಿಷ್ಠ ಮೂರು ಸಲ ನಡೆಯಬೇಕು. ಮೊದಲ ಸಲ ನೋವಿಸ್, ಅಂದರೆ ಹೊಸಬರ ಗುಂಪಿನೊಂದಿಗೆ, ಅನುಭವಿಗಳು ಹೇಳುವುದನ್ನು ಕೇಳುತ್ತಾ. ಎರಡನೇ ಸಲ ಒಬ್ಬರೇ, ಮುಖ್ಯ ತಿರುವುಗಳಲ್ಲಿ ಕುಕ್ಕರುಗಾಲಿನಲ್ಲಿ ಕೂತು. ನಿಂತಾಗ ಸ್ಪಷ್ಟವಾಗಿ ಕಾಣುವ ದಾರಿ ಚಾಲಕನ ಕಣ್ಣಿನ ಎತ್ತರದಿಂದ ಕೋನ್‌ಗಳ ರಾಶಿಯಾಗಿ ಬಿಡುತ್ತದೆ, ಮೊದಲ ರನ್ನಿನಲ್ಲಿ ದಾರಿ ತಪ್ಪುವುದು ಇದರಿಂದಲೇ. ಮೂರನೇ ಸಲ ಬೇಗ ಬೇಗ, ಮುಂದೆ ಏನು ಬರುತ್ತದೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ. ಕೊನೆಗೆ ಕಣ್ಣು ಮುಚ್ಚಿ ಸ್ಟಾರ್ಟಿನಿಂದ ಫಿನಿಶ್‌ವರೆಗೆ ಮನಸ್ಸಿನಲ್ಲೇ ಓಡಿಸಿ. ಎಲ್ಲಿ ಮಸುಕಾಯಿತೋ ಆ ಜಾಗಕ್ಕೆ ಮತ್ತೆ ಹೋಗಿ.

ನಡೆಯುವಾಗ ನೋಡಬೇಕಾದದ್ದು ಕೋನ್‌ಗಳನ್ನೆಲ್ಲ ಅಲ್ಲ. ಗೇಟು, ಅಂದರೆ ಎರಡು ಕೋನ್‌ಗಳ ನಡುವಿನ ದಾರಿ, ಕನಿಷ್ಠ 15 ಅಡಿ ಅಗಲ, ಕಾರು ಸುಮಾರು 6 ಅಡಿ. ಉಳಿದ 9 ಅಡಿಯಲ್ಲಿ ಯಾವ ಬದಿಗೆ ಹತ್ತಿಕೊಂಡು ಹೋಗಬೇಕು ಎಂಬುದೇ ಪ್ರಶ್ನೆ. ಪ್ರತಿ ತಿರುವಿನಲ್ಲಿ ಕಾರು ಸವರಿಕೊಂಡು ಹೋಗಬೇಕಾದ ಕೋನ್ ಒಂದೇ ಇರುತ್ತದೆ, ಅದನ್ನು ಗುರುತಿಡಿ, ಉಳಿದವನ್ನು ಮರೆಯಿರಿ. ನೆಲಕ್ಕೆ ಮಲಗಿಸಿದ ಕೋನ್ ದಾರಿ ತೋರಿಸಲಿಕ್ಕೆ ಮಾತ್ರ, ಅದರ ತುದಿ ಯಾವ ನಿಂತ ಕೋನ್‌ನತ್ತ ಇದೆಯೋ ಅದರ ಆಚೆ ಬದಿಯಿಂದ ಹೋಗಬೇಕು. ಅತಿ ಉದ್ದದ ನೇರ ಹಾದಿ ಯಾವುದು ಎಂದು ಹುಡುಕಿ. ಅದಕ್ಕೆ ಮುಂಚಿನ ತಿರುವೇ ಇಡೀ ಕೋರ್ಸಿನ ಮುಖ್ಯ ತಿರುವು. ಅಲ್ಲಿಂದ ಗಂಟೆಗೆ 2 ಮೈಲಿ ಜಾಸ್ತಿ ವೇಗದಲ್ಲಿ ಹೊರಬಂದರೆ ಆ ಲಾಭ ನೇರದ ಕೊನೆಯವರೆಗೂ ಜೊತೆಗಿರುತ್ತದೆ. ಡಾಂಬರಿನ ತೇಪೆ, ಜಲ್ಲಿ ಚೂರು, ನೀರು ಹರಿಯುವ ಇಳಿಜಾರು ಇವೂ ಕಣ್ಣಿಗೆ ಬೀಳಬೇಕು.

ದಂಡದ ಲೆಕ್ಕ ಸರಳ. ಪ್ರತಿ ಕೋನ್ ಸುತ್ತ ಗೆರೆ ಎಳೆದಿರುತ್ತಾರೆ. ಕೋನ್ ಬಿದ್ದರೆ, ಅಥವಾ ನಿಂತೇ ಗೆರೆಯಿಂದ ಪೂರ್ತಿ ಹೊರಗೆ ಸರಿದರೆ 2 ಸೆಕೆಂಡ್. ಗೆರೆಗೆ ತಾಗಿ ನಿಂತಿದ್ದರೆ ದಂಡವಿಲ್ಲ. ಗೇಟು ತಪ್ಪಿದರೆ ಆ ರನ್ ಹೋಯಿತು. ಕೆಂಪು ಬಾವುಟ ಕಂಡ ಕೂಡಲೇ ನಿಲ್ಲಬೇಕು. ನಿಂತವರಿಗೆ ಸಾಮಾನ್ಯವಾಗಿ ಮರು ರನ್ ಕೊಡುತ್ತಾರೆ, ಬಾವುಟ ನೋಡದೆ ಮುಂದೆ ಹೋದವರಿಗೆ ಬೈಗುಳ.

ಸ್ಟಾರ್ಟಿನಲ್ಲಿ ಚಕ್ರ ಕೀರಲಿಸುವಂತೆ ಕ್ಲಚ್ ಬಿಡುವ ಅಗತ್ಯವಿಲ್ಲ. ಟೈಮರ್‌ನ ಕಿರಣ ಕೆಲವು ಅಡಿ ಮುಂದಿರುತ್ತದೆ, ಅದನ್ನು ದಾಟಿದಾಗಲೇ ಗಡಿಯಾರ ಶುರು. ಮೊದಲ ರನ್ನಿನ ಗುರಿ ಒಂದೇ, ದಾರಿ ತಪ್ಪದೆ ಮುಗಿಸುವುದು. ಸೀಟನ್ನು ಎಷ್ಟು ಹತ್ತಿರ ಎಳೆಯಬೇಕೆಂದರೆ, ಬೆನ್ನು ಸೀಟಿಗೆ ಆತಿರುವಾಗ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಸೀಟ್ ಬೆಲ್ಟನ್ನು ಜೋರಾಗಿ ಜಗ್ಗಿ ಲಾಕ್ ಆಗಿಸಿಕೊಂಡರೆ ತಿರುವಿನಲ್ಲಿ ಸ್ಟಿಯರಿಂಗಿಗೆ ಜೋತುಬೀಳುವುದು ತಪ್ಪುತ್ತದೆ.

ಹೊಸಬರ ಸಮಯ ಸೋರಿಹೋಗುವುದು ಹೆಚ್ಚಾಗಿ ಸ್ಲಾಲಮ್‌ನಲ್ಲಿ, ಅಂದರೆ ಸಾಲಾಗಿಟ್ಟ ಕೋನ್‌ಗಳ ನಡುವೆ ಎಡಕ್ಕೆ ಬಲಕ್ಕೆ ಹೊರಳುತ್ತಾ ಸಾಗುವಲ್ಲಿ. 60 ಅಡಿಗೊಂದು ಕೋನ್, 35 ಮೈಲಿ ವೇಗ ಎಂದರೆ ಒಂದು ಕೋನ್‌ನಿಂದ ಇನ್ನೊಂದಕ್ಕೆ 1.2 ಸೆಕೆಂಡ್. ಕೋನ್ ದಾಟಿದ ಮೇಲೆ ಸ್ಟಿಯರಿಂಗ್ ತಿರುಗಿಸುವವರು ಆ 1.2ರಲ್ಲಿ ಅರ್ಧ ಕಳೆದುಕೊಂಡಿರುತ್ತಾರೆ. ಕೋನ್ ಪಕ್ಕಕ್ಕೆ ಬರುವ ಹೊತ್ತಿಗೆ ಕಾರಿನ ಮೂತಿ ಆಗಲೇ ಮುಂದಿನ ಕೋನ್‌ನ ಹಿಂಬದಿಗೆ ಹೊರಳಿರಬೇಕು. ಒಮ್ಮೆ ತಡವಾದರೆ ಮುಂದಿನದಕ್ಕೆ ಇನ್ನಷ್ಟು ತಡ, ಅದರ ಮುಂದಿನದಕ್ಕೆ ಮತ್ತಷ್ಟು, ಐದನೇ ಕೋನ್ ಬಂಪರಿಗೆ ಸಿಕ್ಕಿ ಬೀಳುತ್ತದೆ. ಬಿದ್ದದ್ದು ಐದನೆಯದಾದರೂ ತಪ್ಪು ಆದದ್ದು ಮೊದಲನೆಯದರಲ್ಲಿ. ಆದ್ದರಿಂದ ಸ್ಲಾಲಮ್ ಒಳಹೊಕ್ಕುವ ಮುನ್ನವೇ, ನೇರ ಇರುವಾಗಲೇ ಸ್ವಲ್ಪ ಜಾಸ್ತಿ ಬ್ರೇಕ್ ಹಾಕಿ ಮೊದಲ ಕೋನ್‌ಗೆ ಬೇಗ ತಿರುಗಿ. ಕಣ್ಣು ಎರಡು ಕೋನ್ ಮುಂದೆ ಇರಲಿ.

ಎರಡನೇ ದೊಡ್ಡ ತಪ್ಪು ಬ್ರೇಕಿನದು. ರಸ್ತೆಯ ಅಭ್ಯಾಸದಂತೆ ದೂರದಿಂದಲೇ ಮೆಲ್ಲಗೆ ಒತ್ತುತ್ತಾ ಬಂದು, ತಿರುವಿನೊಳಗೂ ಒತ್ತುತ್ತಲೇ ಇರುವುದು. ತಡವಾಗಿ, ನೇರವಾಗಿ, ಎಬಿಎಸ್ ಕಾಲಿಗೆ ತಿಳಿಯುವಷ್ಟು ಜೋರಾಗಿ ಒತ್ತಿ, ತಿರುಗುತ್ತಾ ಮೆಲ್ಲಗೆ ಬಿಡಿ. ಮುಂಚಕ್ರ ಚಾಲನೆಯ ಕಾರು ತಿರುಗದೆ ಹೊರಗೆ ತಳ್ಳುತ್ತಿದ್ದರೆ ಕೈ ಸಹಜವಾಗಿ ಇನ್ನಷ್ಟು ತಿರುಗಿಸಲು ಹೋಗುತ್ತದೆ, ಆಗ ಮುಂದಿನ ಟೈರ್ ಇನ್ನಷ್ಟು ಉಜ್ಜಿಕೊಂಡು ಹೋಗುತ್ತದೆ. ಆಕ್ಸಲರೇಟರ್ ಸ್ವಲ್ಪ ಬಿಟ್ಟು, ಸ್ಟಿಯರಿಂಗ್ ಒಂದಿಷ್ಟು ಹಿಂದಕ್ಕೆ ತಂದರೆ ಹಿಡಿತ ಮರಳುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ ಮೊದಲ ಒಂದೆರಡು ಈವೆಂಟಿನಲ್ಲಿ ಆನ್ ಇರಲಿ, ಅದು ಎಲ್ಲಿ ಮಧ್ಯೆ ಬರುತ್ತದೆಯೋ ಅಲ್ಲಿ ನೀವು ಒರಟಾಗಿ ಓಡಿಸುತ್ತಿದ್ದೀರಿ ಎಂದರ್ಥ.

ಇನ್‌ಸ್ಟ್ರಕ್ಟರ್ ಸೌಲಭ್ಯಕ್ಕೆ ಪೂರ್ತಿ ಅಂಕ ಕೊಡಲಾಗದು, ಆದರೆ ಹತ್ತಿರ ಹತ್ತಿರ. ಕೇಳಿದರೆ ಅನುಭವಿಗಳು ಪುಕ್ಕಟೆ ಪಕ್ಕದ ಸೀಟಿಗೆ ಬಂದು ಕೂರುತ್ತಾರೆ, ತಮ್ಮ ಕಾರಿನಲ್ಲೂ ಕೂರಿಸಿಕೊಳ್ಳುತ್ತಾರೆ. ಕೇಳದಿದ್ದರೆ ಯಾರೂ ಬರುವುದಿಲ್ಲ. ಸಂಕೋಚದ ಸ್ವಭಾವದವರು ಇಲ್ಲಿ ಸೋಲುತ್ತಾರೆ. ಗುಣಮಟ್ಟ ಮಾತ್ರ ಅದೃಷ್ಟ: ಕೆಲವರು ಮೂರೇ ಮಾತಿನಲ್ಲಿ ಒಂದು ಸೆಕೆಂಡ್ ಇಳಿಸುತ್ತಾರೆ, ಕೆಲವರು ಇಡೀ ರನ್ ಕಿವಿಯಲ್ಲಿ ಕೂಗಿ ತಲೆಕೆಡಿಸುತ್ತಾರೆ. ಎರಡನೇ ಥರದವರು ಸಿಕ್ಕರೆ, ‘ಈ ರನ್ನಿನಲ್ಲಿ ಒಂದೇ ವಿಷಯ ಹೇಳಿ’ ಎಂದು ಮೊದಲೇ ಕೇಳಿಕೊಳ್ಳಿ.

ರನ್ನುಗಳ ನಡುವೆ ಮಾಡಬೇಕಾದ ಕೆಲಸ ಟೈರಿನದು. ಮಾಮೂಲಿ ರಸ್ತೆ ಟೈರಿರುವ ಮುಂಚಕ್ರ ಚಾಲನೆಯ ಕಾರಿಗೆ, ಬಾಗಿಲಿನ ಸ್ಟಿಕ್ಕರಿನಲ್ಲಿರುವುದಕ್ಕಿಂತ ಮುಂದೆ 4ರಿಂದ 6 ಪಿಎಸ್‌ಐ ಹೆಚ್ಚು ಹಾಕಿ ಶುರುಮಾಡಿ, ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿ ದಾಟಬೇಡಿ. ಟೈರಿನ ಭುಜದಲ್ಲಿ, ಅಂದರೆ ಪಟ್ಟೆಗಳು ಮುಗಿದು ಪಕ್ಕದ ಗೋಡೆ ಶುರುವಾಗುವ ಅಂಚಿನಲ್ಲಿ, ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅಲ್ಲಿ ಮೂರು ಕಡೆ ಸೀಮೆಸುಣ್ಣ ಬಳಿಯಿರಿ. ರನ್ ಮುಗಿದ ಮೇಲೆ ಸುಣ್ಣ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿಯಿದೆ. ಅದನ್ನೂ ದಾಟಿ ಕೆಳಗೆ ಅಳಿಸಿದ್ದರೆ ಟೈರ್ ಮಡಚಿಕೊಳ್ಳುತ್ತಿದೆ, 2 ಪಿಎಸ್‌ಐ ಸೇರಿಸಿ. ತ್ರಿಕೋನದ ಹತ್ತಿರಕ್ಕೂ ಬರದೆ ಮೇಲೆಯೇ ಉಳಿದಿದ್ದರೆ 2 ಇಳಿಸಿ. ಬಿಸಿಯಾದಂತೆ ಒತ್ತಡ ತಾನಾಗಿಯೇ ಏರುತ್ತದೆ, ಹಾಗಾಗಿ ಪ್ರತಿ ರನ್ನಿನ ನಂತರ ಅಳೆದು ಮೊದಲಿನ ಅಂಕಿಗೆ ತನ್ನಿ. ಹಿಂದಿನ ಟೈರಿಗೆ 2 ಪಿಎಸ್‌ಐ ಹೆಚ್ಚಿಸಿದರೆ ಮುಂಚಕ್ರದ ಕಾರು ಸ್ವಲ್ಪ ಸಲೀಸಾಗಿ ತಿರುಗುತ್ತದೆ. ಕೊಳ್ಳಬೇಕಾದ ಸಾಮಾನು ಇಷ್ಟೇ: ಗಾಳಿ ಬಿಡುವ ಗುಂಡಿಯಿರುವ ಒಳ್ಳೆಯ ಗೇಜ್, ಹೊತ್ತೊಯ್ಯುವ ಪಂಪು, ಒಂದು ಟಾರ್ಕ್ ರೆಂಚ್.

ದಿನದ ಇನ್ನೊಂದು ಭಾಗ ಕೋರ್ಸಿನಲ್ಲಿ ನಿಂತು ಕೆಲಸ ಮಾಡುವುದು. ತಪ್ಪಿಸಿಕೊಂಡರೆ ನಿಮ್ಮ ರನ್ನುಗಳನ್ನೇ ರದ್ದು ಮಾಡಬಹುದು. ಬಿಸಿಲಲ್ಲಿ ಎರಡು ಗಂಟೆ ಕಾಡುತ್ತದೆ ನಿಜ, ಆದರೆ ಕೇಳಿಕೊಂಡು ಸ್ಲಾಲಮ್ ಅಥವಾ ಮುಖ್ಯ ತಿರುವಿನ ಹತ್ತಿರದ ಠಾಣೆಗೆ ಹೋದರೆ ನಿಮ್ಮದೇ ಥರದ ಕಾರನ್ನು ಬೇರೆಯವರು ಎಲ್ಲಿ ಬ್ರೇಕ್ ಹಾಕುತ್ತಾರೆ, ಯಾವಾಗ ತಿರುಗಿಸುತ್ತಾರೆ ಎಂದು ಪ್ರೇಕ್ಷಕರಿಗೆ ಸಿಗದಷ್ಟು ಹತ್ತಿರದಿಂದ ಕಾಣುತ್ತದೆ. ಓಡುತ್ತಿರುವ ಕಾರಿಗೆ ಬೆನ್ನು ಹಾಕಬೇಡಿ, ಫೋನ್ ಜೇಬಿನಿಂದ ತೆಗೆಯಬೇಡಿ.

ಫಲಿತಾಂಶದ ಪಟ್ಟಿ ಮೊದಲು ಗೊಂದಲ ಹುಟ್ಟಿಸುತ್ತದೆ. ನೋವಿಸ್ ಗುಂಪಿನಲ್ಲಿ ಎಲ್ಲ ಬಗೆಯ ಕಾರು ಇರುವುದರಿಂದ ಹೆಚ್ಚಿನ ಕಡೆ ಪ್ಯಾಕ್ಸ್ ಎಂಬ ಗುಣಕದಿಂದ ಸಮಯವನ್ನು ಸರಿಗಟ್ಟುತ್ತಾರೆ. ನಿಮ್ಮ ಕ್ಲಾಸಿನ (ಒಂದೇ ಬಗೆಯ ಕಾರುಗಳ ವರ್ಗದ) ಗುಣಕ 0.800 ಎಂದುಕೊಳ್ಳೋಣ, 60 ಸೆಕೆಂಡ್ ತೆಗೆದುಕೊಂಡರೆ ಲೆಕ್ಕಕ್ಕೆ 48.000. ಗುಣಕ 0.860 ಇರುವ ಬಿರುಸಿನ ಕಾರು 56ರಲ್ಲಿ ಮುಗಿಸಿದರೂ ಅದರ ಲೆಕ್ಕ 48.160, ಗೆದ್ದದ್ದು ನೀವು. ಸೋಲೋದ ನಿಜವಾದ ಕೊರತೆ ಬೇರೆ ಇದೆ: ಪ್ರತಿ ಸಲವೂ ಕೋರ್ಸ್ ಹೊಸದು, ಆದ್ದರಿಂದ ಹೋದ ತಿಂಗಳಿಗಿಂತ ಸುಧಾರಿಸಿದಿರೋ ಇಲ್ಲವೋ ಎಂದು ಸಮಯ ಹೇಳುವುದಿಲ್ಲ. ಇದಕ್ಕೆ ಉಪಾಯ, ನಿಮ್ಮದೇ ಕ್ಲಾಸಿನಲ್ಲಿ ಪ್ರತಿ ಈವೆಂಟಿಗೂ ಬರುವ ಒಬ್ಬ ಸ್ಥಿರ ಚಾಲಕನನ್ನು ಆರಿಸಿಕೊಂಡು, ನಿಮ್ಮ ಸಮಯವನ್ನು ಅವರ ಸಮಯದಿಂದ ಭಾಗಿಸಿ ಬರೆದಿಡುವುದು. 55ನ್ನು 50ರಿಂದ ಭಾಗಿಸಿದರೆ 1.10. ಅದು 1.06ಕ್ಕೆ ಇಳಿದರೆ ಕಲಿತಿದ್ದೀರಿ.

ಫೋನಿನ ಲ್ಯಾಪ್ ಟೈಮರ್ ಆ್ಯಪ್‌ಗಳನ್ನು ಕೇಳುವವರಿದ್ದಾರೆ. ರೇಸ್‌ಕ್ರೋನೋ ಒಳ್ಳೆಯದೇ, ಆದರೆ ಫೋನಿನ ಸ್ವಂತ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಬಿಂದು ಕೊಡುತ್ತದೆ. 35 ಮೈಲಿ ವೇಗದಲ್ಲಿ ಬಿಂದುವಿಗೂ ಬಿಂದುವಿಗೂ 51 ಅಡಿ ಅಂತರ, ಹೆಚ್ಚುಕಡಿಮೆ ಒಂದು ಸ್ಲಾಲಮ್ ಕೋನ್. ಅದರಿಂದ ಏನೂ ತಿಳಿಯದು. ಸೆಕೆಂಡಿಗೆ 25 ಬಿಂದು ಕೊಡುವ ರೇಸ್‌ಬಾಕ್ಸ್ ಮಿನಿಯಂಥ ಹೊರಗಿನ ರಿಸೀವರ್ ಇದ್ದರೆ ಅಂತರ 2 ಅಡಿಗೆ ಇಳಿಯುತ್ತದೆ. ಮೊದಲ ವರ್ಷಕ್ಕೆ ಗಟ್ಟಿಯಾಗಿ ಕೂರಿಸಿದ ಒಂದು ವಿಡಿಯೊ ಕ್ಯಾಮೆರಾ ಸಾಕು, ಕೈ ಯಾವಾಗ ತಿರುಗಿತು ಎಂದು ಅದೇ ತೋರಿಸುತ್ತದೆ.

ಬಿಡಿಭಾಗಗಳಿಗೆ ದುಡ್ಡು ಸುರಿಯುವ ಆತುರ ಬೇಡ. 50 ಸೆಕೆಂಡಿನ ರನ್ನಿಗೆ ಕಂಪನಿಯ ಬ್ರೇಕ್ ಪ್ಯಾಡೇ ಸಾಕು. 200 ಟ್ರೆಡ್‌ವೇರ್‌ನ (ಟೈರ್ ಎಷ್ಟು ಬೇಗ ಸವೆಯುತ್ತದೆ ಎಂಬ ಅಂಕಿ, ಕಡಿಮೆಯಾದಷ್ಟೂ ಬೇಗ) ಅಂಟು ಟೈರುಗಳು ಕೆಲವು ಸೆಕೆಂಡ್ ಇಳಿಸುತ್ತವೆ, ಸುಳ್ಳಲ್ಲ, ಆದರೆ ಅವು ನಿಮ್ಮ ಒರಟುತನವನ್ನೂ ಮುಚ್ಚಿಹಾಕುತ್ತವೆ. ಮಾಮೂಲಿ ಟೈರ್ ಮಿತಿ ಹತ್ತಿರ ಬಂದಾಗ ಕೀರಲು ದನಿಯಲ್ಲಿ ಮೊದಲೇ ಹೇಳುತ್ತದೆ. ಅದು ಸವೆದ ಮೇಲೆ ಬದಲಿಸಿ. ಹೆಚ್ಚು ಬದಲಾವಣೆ ಮಾಡದ ಕಾರುಗಳ ಸ್ಟ್ರೀಟ್ ವಿಭಾಗದಲ್ಲೇ ಉಳಿಯಬೇಕಾದರೆ ಟ್ರೆಡ್‌ವೇರ್ 200ಕ್ಕಿಂತ ಕಡಿಮೆ ಇರುವಂತಿಲ್ಲ, ರಿಮ್ಮಿನ ಅಗಲ ಮೂಲದಷ್ಟೇ ಇರಬೇಕು, ವ್ಯಾಸದಲ್ಲಿ ಮಾತ್ರ ಒಂದು ಇಂಚು ಹೆಚ್ಚುಕಡಿಮೆ ಆಗಬಹುದು. ಚೆಂದ ಕಂಡಿತೆಂದು ಅಗಲದ ರಿಮ್ ಹಾಕಿಸಿದವರು ತಾವೇ ಬಿರುಸಿನ ಕಾರುಗಳ ಕ್ಲಾಸಿಗೆ ತಳ್ಳಿಸಿಕೊಳ್ಳುತ್ತಾರೆ.

ಟೈರಿಗೆ ಎತ್ತಿಟ್ಟ ದುಡ್ಡಿದ್ದರೆ ಅದನ್ನು ಎವಲ್ಯೂಷನ್ ಪರ್ಫಾರ್ಮೆನ್ಸ್ ಡ್ರೈವಿಂಗ್ ಸ್ಕೂಲಿನ ಫೇಸ್ 1ಕ್ಕೆ ಕಟ್ಟಿ. ನಿಮ್ಮದೇ ಕಾರು, ಪಕ್ಕದಲ್ಲಿ ಅನುಭವಿ ಇನ್‌ಸ್ಟ್ರಕ್ಟರ್, ಒಂದೇ ಕೋರ್ಸಿನ ಮೇಲೆ ಮತ್ತೆ ಮತ್ತೆ ರನ್. ಮಾಮೂಲಿ ಈವೆಂಟಿನಲ್ಲಿ ಸಿಗದ ಮರುಪ್ರಯತ್ನ ಅಲ್ಲಿ ಸಿಗುತ್ತದೆ. ಇನ್ನೂ ಅಗ್ಗದ ಉಪಾಯವೆಂದರೆ ಕಾರು ಹಂಚಿಕೊಳ್ಳುವುದು. ನಿಮಗಿಂತ ಚುರುಕಾಗಿರುವ ಒಬ್ಬರಿಗೆ ನಿಮ್ಮ ಕಾರಿನಲ್ಲೇ ಎರಡನೇ ಚಾಲಕರಾಗಲು ಹೇಳಿ, ನಿಯಮದಲ್ಲಿ ಅವಕಾಶವಿದೆ. ಒಂದೇ ಕಾರು, ಒಂದೇ ಟೈರು, ಒಂದೇ ಕೋರ್ಸು ಆದ್ದರಿಂದ ಇಬ್ಬರ ನಡುವಿನ ವ್ಯತ್ಯಾಸಕ್ಕೆ ನೆಪ ಉಳಿಯುವುದಿಲ್ಲ. ಆದರೆ ಇಬ್ಬರು ಓಡಿಸಿದರೆ ಟೈರ್ ಆರಲು ಬಿಡುವು ಸಿಗದು. ಗಿಡಕ್ಕೆ ನೀರು ಚಿಮುಕಿಸುವ ಪಂಪಿನ ಕ್ಯಾನು ಒಂದು ತಂದು ರನ್ನುಗಳ ನಡುವೆ ಟೈರಿಗೆ ನೀರು ಹೊಡೆಯಿರಿ, ಸ್ಟಾರ್ಟಿಗೆ ಹೋಗುವ ಮುನ್ನ ನೆಲದ ಒದ್ದೆ ದಾಟಿ ಹೋಗಿ. ಚಾಲಕ ಬದಲಾದಾಗ ಕಾರಿನ ನಂಬರನ್ನೂ ಬದಲಿಸಬೇಕು: 42 ಮತ್ತು 142 ಎಂದು ತೆಗೆದುಕೊಂಡರೆ ಮುಂದಿನ 1ನ್ನು ಟೇಪಿನಿಂದ ಹಚ್ಚಿ ಕಿತ್ತರಾಯಿತು. ಮರೆತರೆ ನಿಮ್ಮ ಸಮಯ ಅವರ ಹೆಸರಿಗೆ ಹೋಗುತ್ತದೆ.